ಯುದ್ಧದ ಸುದ್ದಿ: ಯಾವುದನ್ನ ಮುಚ್ಚಿಡಬೇಕು, ಯಾವುದನ್ನ ಹೇಳಲೇಬೇಕು?

ತುಮಕೂರು ತಟ್ಟೆಇಡ್ಲಿ

2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್ ದಾಳಿ ಆಯ್ತು. 26ನೇ ತಾರೀಕು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಎಲ್ಲ ಚಾನೆಲ್‌ಗಳಿಗೂ ಸೂಚನೆ ಕಳಿಸಿತು. ಸೇನೆಯ ಓಡಾಟ, ಕಾರ್ಯಾಚರಣೆ ಯಾವುದನ್ನೂ ಲೈವ್ ತೋರಿಸಬೇಡಿ, 'ಮೂಲಗಳ ಪ್ರಕಾರ' ಅಂತ ಸುದ್ದಿ ಮಾಡಬೇಡಿ ಅಂತ. ಸರಿ, ಒಪ್ಪೋಣ. ಮೇ 7ಕ್ಕೆ ಆಪರೇಷನ್ ಸಿಂಧೂರ ಶುರುವಾಯಿತು. ಮರುದಿನ ರಾತ್ರಿ ಹಲವು ಚಾನೆಲ್‌ಗಳಲ್ಲಿ ಕರಾಚಿ ಬಂದರು ಧ್ವಂಸ ಆಗಿಹೋಗಿತ್ತು! ನಮ್ಮನೆಯಲ್ಲಿ ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಳಗ್ಗೆ ನೋಡಿದರೆ ಬಂದರು ಇದ್ದಲ್ಲೇ ಇತ್ತು.

ಇನ್ನೊಂದು ಕಡೆ, ನಮ್ಮ ಯುದ್ಧವಿಮಾನಗಳೂ ಬಿದ್ದಿವೆಯಾ ಅಂತ ಕೇಳಿದವರಿಗೆಲ್ಲ ದೇಶದ್ರೋಹಿ ಪಟ್ಟ. ಕೊನೆಗೆ ಮೇ 31ಕ್ಕೆ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರೇ ಹೌದು, ಶುರುವಿನಲ್ಲಿ ನಷ್ಟ ಆಯ್ತು ಅಂದರು. ಎಷ್ಟು ಅಂತ ಹೇಳಲಿಲ್ಲ, ಪಾಕಿಸ್ತಾನ ಹೇಳಿದ ಲೆಕ್ಕ ಸುಳ್ಳು ಅಂದರು. ಹೇಳಿದ್ದು ಎಲ್ಲಿ? ಸಿಂಗಪುರದಲ್ಲಿ, ವಿದೇಶಿ ಟಿವಿಯೊಂದರ ಸಂದರ್ಶನದಲ್ಲಿ. ಸಂಸತ್ತಿನಲ್ಲಿ ಅಲ್ಲ, ನಮ್ಮ ಟಿವಿಯಲ್ಲೂ ಅಲ್ಲ.

ನನ್ನ ಪ್ರಕಾರ ನಾಳೆ ಏನು ಮಾಡುತ್ತೀವಿ ಅನ್ನೋದು ಗುಟ್ಟಾಗೇ ಇರಲಿ. ನಿನ್ನೆ ಏನಾಯ್ತು, ದುಡ್ಡು ಎಲ್ಲಿ ಹೋಯ್ತು ಅನ್ನೋದು ಜನರಿಗೆ ಗೊತ್ತಾಗಬೇಕು. ಈಗ ಆಗುತ್ತಿರುವುದು ಇದರ ಉಲ್ಟಾ ಅನ್ನಿಸುತ್ತೆ. ನೀವೇನಂತೀರಿ?

ಹಳೇ ಸಿಗ್ನಲ್, ಮಡಿಕೇರಿ

ನಾಳೆದು, ನಿನ್ನೆದು ಅಂತ ಗೆರೆ ಎಳೆಯೋದು ಕೇಳೋಕೆ ಚೆನ್ನಾಗಿದೆ. ನಾನು ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿ ಇದ್ದವನು, ನಿವೃತ್ತ. ಮೊದಲು ಒಂದು ಚಿಕ್ಕ ವಿಷಯ ಹೇಳುತ್ತೇನೆ.

ನಾವು ಫೀಲ್ಡ್‌ನಲ್ಲಿ ಇದ್ದಾಗ ಮನೆಯಿಂದ ಕಾಗದ ಬರುತ್ತಿದ್ದುದು ಯೂನಿಟ್ ಹೆಸರಿಗೆ, ಕೆಳಗೆ '56 ಎಪಿಓ' ಅಥವಾ '99 ಎಪಿಓ', ಅಂದರೆ ಸೇನಾ ಅಂಚೆ ಕಚೇರಿಯ ನಂಬರು. ಊರಿನ ಹೆಸರು ಇಲ್ಲ, ಜಿಲ್ಲೆ ಇಲ್ಲ, ರಾಜ್ಯವೂ ಇಲ್ಲ. ಗಂಡ ಲಡಾಖ್‌ನಲ್ಲಿದ್ದಾನೋ ಜೋಧಪುರದಲ್ಲಿದ್ದಾನೋ ಹೆಂಡತಿಗೆ ವಿಳಾಸ ನೋಡಿದರೆ ತಿಳಿಯಲ್ಲ. ಅಷ್ಟು ಜೋಪಾನ ಮಾಡಿದ ಗುಟ್ಟನ್ನು ಈಗ ರೈಲ್ವೆ ಸ್ಟೇಷನ್‌ನಲ್ಲಿ ನಿಂತ ಯಾರೋ ಹುಡುಗ ಅರ್ಧ ನಿಮಿಷದ ರೀಲ್ಸ್‌ನಲ್ಲಿ ಹಾಕುತ್ತಾನೆ. ಟ್ಯಾಂಕ್ ಹೊತ್ತ ರೈಲು, ಹಿಂದೆ ಸ್ಟೇಷನ್ ಬೋರ್ಡು, ಮೇಲೆ ದೇಶಭಕ್ತಿ ಹಾಡು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ನೋಡೋವನ ಮನಸ್ಸಿನಲ್ಲಿ ಇರುತ್ತಲ್ಲ.

2008ರ ನವೆಂಬರ್ ಮುಂಬೈ ಎಲ್ಲರಿಗೂ ನೆನಪಿದೆ. ನಾರಿಮನ್ ಹೌಸ್ ಮೇಲೆ ಎನ್‌ಎಸ್‌ಜಿ ಕಮಾಂಡೋಗಳು ಹೆಲಿಕಾಪ್ಟರ್‌ನಿಂದ ಇಳಿದಿದ್ದನ್ನು ಇಡೀ ಲೋಕ ಲೈವ್ ನೋಡಿತು. ಪಾಕಿಸ್ತಾನದಲ್ಲಿ ಕೂತು ಫೋನಿನಲ್ಲಿ ಆ ದಾಳಿಕೋರ ಹುಡುಗರನ್ನು ಆಡಿಸುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು. ಆ ಫೋನ್ ಮಾತುಕತೆ ಕೋರ್ಟಿನ ದಾಖಲೆಯಲ್ಲಿದೆ. 2012ರ ಆಗಸ್ಟ್ 29ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳಿಗೆ ಛೀಮಾರಿ ಹಾಕಿತು. ವಾಕ್ ಸ್ವಾತಂತ್ರ್ಯದ ಹೆಸರು ಹೇಳಿ ಇದನ್ನು ಸಮರ್ಥಿಸಿಕೊಳ್ಳೋಕೆ ಆಗಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆ ಕಾರ್ಯಾಚರಣೆಯಲ್ಲಿ ತೀರಿಕೊಂಡ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನ ಹುಡುಗ. ಅವರು ಹೋಗಿದ್ದು ತಾಜ್‌ನಲ್ಲಿ. ಅದಕ್ಕೂ ಟಿವಿಗೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮೂರು ದಿನ ಟಿವಿ ಮುಂದೆ ಕೂತಿದ್ದ ನಮ್ಮಂಥವರ ಹೊಟ್ಟೆ ಎಷ್ಟು ಉರಿದಿತ್ತು ಗೊತ್ತಾ?

ಡೆಸ್ಕ್‌ನಲ್ಲಿದ್ದವನು

ನಾನು ಒಂದು ಸುದ್ದಿ ಚಾನೆಲ್‌ನಲ್ಲಿ ರಾತ್ರಿ ಪಾಳಿ ಮಾಡಿದವನು. ಯಾವುದು ಅಂತ ಕೇಳಬೇಡಿ. ಸಿಗ್ನಲ್ ಸರ್ ಹೇಳಿದ್ದು ಪೂರ್ತಿ ನಿಜ. ಒಳಗಿನ ಕಥೆ ಸ್ವಲ್ಪ ಕೇಳಿ.

ಸಚಿವಾಲಯದ ಸೂಚನೆ ಮೇಲ್‌ನಲ್ಲಿ ಬರುತ್ತೆ. ಪ್ರಿಂಟ್ ತೆಗೆದು ಪಿಸಿಆರ್, ಅಂದರೆ ಪ್ರಸಾರ ನಿಯಂತ್ರಿಸೋ ಕೋಣೆಯ ಬಾಗಿಲಿಗೆ ಅಂಟಿಸುತ್ತಾರೆ. ಎದುರಿನ ಗೋಡೆ ತುಂಬ ಬೇರೆ ಚಾನೆಲ್‌ಗಳ ಟಿವಿ. ಅದರಲ್ಲಿ ಒಬ್ಬ 'ಬ್ರೇಕಿಂಗ್' ಹಾಕಿದ ಅಂದರೆ ಸುದ್ದಿ ತರಿಸೋ ಇನ್‌ಪುಟ್ ವಿಭಾಗದ ಕಡೆಯಿಂದ ಕೂಗು ಶುರು. "ಅವರು ಹಾಕಿದ್ದಾರೆ, ನಾವ್ಯಾಕೆ ಹಾಕಿಲ್ಲ?" ಆ ಸುದ್ದಿ ಎಲ್ಲಿಂದ ಬಂತು ಅಂತ ಕೇಳೋ ಅಧಿಕಾರ ಟಿವಿಯ ಕೆಳಗೆ ಓಡೋ ಟಿಕರ್ ಟೈಪ್ ಮಾಡೋ ಹುಡುಗನಿಗೆ ಇರಲ್ಲ. ಕರಾಚಿ ಬಂದರು ಕಥೆ ಹರಡಿದ್ದು ಹೀಗೇ ಇರುತ್ತೆ. ವಾಟ್ಸಾಪ್‌ನಿಂದ ಒಂದು ಟಿವಿಗೆ, ಆ ಟಿವಿಯಿಂದ ಹತ್ತು ಟಿವಿಗೆ.

ಇನ್ನು ಕಾನೂನು. ಕೇಬಲ್ ಟಿವಿ ನಿಯಮಗಳಿಗೆ 2015ರಲ್ಲಿ ಹೊಸದೊಂದು ಸೇರಿತು. ಉಗ್ರರ ವಿರುದ್ಧ ಕಾರ್ಯಾಚರಣೆ ಮುಗಿಯೋವರೆಗೂ ಲೈವ್ ಇಲ್ಲ, ಸರ್ಕಾರ ಗೊತ್ತುಮಾಡಿದ ಅಧಿಕಾರಿ ಆಗಾಗ ಕೊಡೋ ಮಾಹಿತಿ ಅಷ್ಟೇ. ಅದರ ಪ್ರಕಾರವೇ 2016ರ ನವೆಂಬರ್‌ನಲ್ಲಿ, ಪಠಾಣ್‌ಕೋಟ್ ವಾಯುನೆಲೆ ದಾಳಿಯ ವರದಿಗಾಗಿ, ಒಂದು ಹಿಂದಿ ಚಾನೆಲ್ಲಿಗೆ ಒಂದು ದಿನ ಪ್ರಸಾರ ನಿಲ್ಲಿಸಿ ಅಂತ ಆದೇಶ ಬಂತು. ಬೇರೆಯವರೂ ಇದನ್ನೇ ಹೇಳಿದ್ದಾರೆ, ನಮ್ಮೊಬ್ಬರಿಗೇ ಯಾಕೆ ಅಂತ ಅವರು ಕೇಳಿದರು. ದೊಡ್ಡ ಗಲಾಟೆ ಆಗಿ ಆದೇಶ ತಡೆಹಿಡಿದರು. ನನ್ನ ಚಿಂತೆ ಇರೋದು ಇಲ್ಲೇ. ನಿಯಮ ಒಳ್ಳೆಯದೇ, ಯಾರ ಮೇಲೆ ಯಾವಾಗ ಬೀಸುತ್ತಾರೆ ಅನ್ನೋದೇ ಪ್ರಶ್ನೆ. ಮೇ 8ರ ರಾತ್ರಿ ಇಲ್ಲದ ಯುದ್ಧ ತೋರಿಸಿದವರಲ್ಲಿ ಒಬ್ಬರಿಗೂ ಒಂದು ದಿನದ ಕತ್ತಲು ಆದದ್ದು ನಾನು ನೋಡಿಲ್ಲ.

ರಾಗಿರೊಟ್ಟಿ ಫ್ಯಾನ್

ಗುಟ್ಟು ಗುಟ್ಟು ಅಂತೀರಲ್ಲ, ಜನವರಿ 26ಕ್ಕೆ ಕ್ಷಿಪಣಿಗಳನ್ನ ಲಾರಿ ಮೇಲೆ ಮಲಗಿಸಿ ಮೆರವಣಿಗೆ ಮಾಡೋದು ಯಾರು? ಯಲಹಂಕದ ಏರೋ ಇಂಡಿಯಾದಲ್ಲಿ ಬೋರ್ಡ್ ಬೇರೆ ಇಟ್ಟಿರ್ತಾರೆ, ಇಷ್ಟು ದೂರ ಹೋಗುತ್ತೆ, ಇಷ್ಟು ಭಾರ ಹೊರುತ್ತೆ ಅಂತ. 😄

ಹಳೇ ಸಿಗ್ನಲ್, ಮಡಿಕೇರಿ

ರಾಗಿರೊಟ್ಟಿ, ನಗಬೇಡ, ಒಳ್ಳೇ ಪ್ರಶ್ನೆನೇ ಕೇಳಿದ್ದೀಯ. ಶತ್ರು ಹೆದರಬೇಕು ಅಂದರೆ ಅವನಿಗೆ ಗೊತ್ತಿರಬೇಕು. ಅಗ್ನಿ ಕ್ಷಿಪಣಿ ಎಷ್ಟು ದೂರ ಹೋಗುತ್ತೆ ಅನ್ನೋದನ್ನ ಬೇಕಂತಲೇ ಹೇಳುತ್ತಾರೆ. 2019ರ ಮಾರ್ಚ್ 27ಕ್ಕೆ ನಮ್ಮದೇ ಉಪಗ್ರಹವನ್ನು ಹೊಡೆದು ಪ್ರಧಾನಿಯವರು ಟಿವಿಗೆ ಬಂದು ಹೇಳಿದ್ದೂ ಅದಕ್ಕೇ. ಎಷ್ಟಿವೆ, ಎಲ್ಲಿವೆ, ಇವತ್ತು ಎಷ್ಟು ರೆಡಿ ಇವೆ, ಇದನ್ನು ಹೇಳಲ್ಲ.

ಮೈಸೂರು ಮೇಷ್ಟ್ರು

ಹೇಳಲ್ಲ ಅಂತೀರಿ. ಯಾರಿಗೆ ಹೇಳಲ್ಲ?

1988ರ ಡಿಸೆಂಬರ್ 31ಕ್ಕೆ ಭಾರತ ಮತ್ತು ಪಾಕಿಸ್ತಾನ ಒಂದು ಒಪ್ಪಂದ ಮಾಡಿಕೊಂಡವು. ಒಬ್ಬರ ಅಣು ಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡಬಾರದು ಅಂತ. ಅದಕ್ಕಾಗಿ ಯಾವ ಯಾವ ಸ್ಥಾವರ ಎಲ್ಲೆಲ್ಲಿದೆ ಅಂತ ಪ್ರತಿ ವರ್ಷ ಜನವರಿ 1ಕ್ಕೆ ಪರಸ್ಪರ ಪಟ್ಟಿ ಕೊಡುತ್ತಾರೆ. 1992ರಿಂದ ನಡೆದುಕೊಂಡು ಬಂದಿದೆ. ಕಾರ್ಗಿಲ್ ಯುದ್ಧ ಆದ ಮೇಲೂ ಕೊಟ್ಟರು, ಮುಂಬೈ ದಾಳಿ ಆದ ಮೇಲೂ ಕೊಟ್ಟರು. ಆ ಪಟ್ಟಿ ಇಸ್ಲಾಮಾಬಾದಿನ ಕಚೇರಿಯಲ್ಲಿದೆ. ನಮಗೂ ನಿಮಗೂ ತೋರಿಸಲ್ಲ. ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆ ಮಾಡೋ ಮುಂಚೆಯೂ ಆ ಕಡೆಗೆ ತಿಳಿಸಬೇಕು, ಅದು 2005ರ ಒಪ್ಪಂದ.

ಪಟ್ಟಿ ಕೊಡೋದು ತಪ್ಪು ಅಂತಿಲ್ಲ. ಎರಡೂ ದೇಶ ಮಾಡಿದ ತುಂಬಾ ಬುದ್ಧಿವಂತ ಕೆಲಸ ಅದು. ನಾನು ಹೇಳೋದು ಇಷ್ಟೇ, 'ಶತ್ರುವಿಗೆ ಗೊತ್ತಾಗುತ್ತೆ' ಅಂತ ನಮ್ಮ ಬಾಯಿ ಮುಚ್ಚಿಸೋವಾಗ ಸ್ವಲ್ಪ ನಿಂತು ನೋಡಿ. ಎಷ್ಟೋ ಸಲ ಗೊತ್ತಿಲ್ಲದೆ ಇರೋದು ನಮಗೆ ಮಾತ್ರ.

ಕಡಲತಡಿ ಕಾರವಾರ

ಮೇಷ್ಟ್ರೇ, ನಮ್ಮೂರಿಗೆ ಬನ್ನಿ. ಅರ್ಗಾ ಹತ್ತಿರ ಹೆದ್ದಾರಿ ನೌಕಾನೆಲೆಯ ಪಕ್ಕಕ್ಕೇ ಹೋಗುತ್ತೆ. ಕಾಂಪೌಂಡ್, ತಂತಿ ಬೇಲಿ, 'ಫೋಟೋ ತೆಗೆಯಬಾರದು' ಅಂತ ಬೋರ್ಡು. ಬಸ್ಸಲ್ಲಿ ಕೂತವನು ಮೊಬೈಲ್ ಎತ್ತಿದರೆ ಪಕ್ಕದವರೇ ಬೈತಾರೆ. ಅದೇ ಮೊಬೈಲಲ್ಲಿ ಉಪಗ್ರಹದ ನಕ್ಷೆ ತೆಗೆದರೆ ಜೆಟ್ಟಿ, ಅದಕ್ಕೆ ಕಟ್ಟಿದ ಹಡಗು, ಎಲ್ಲ ಮೇಲಿಂದ ಕಾಣುತ್ತೆ.

ಹಾಗಂತ ಬೋರ್ಡ್ ಸುಮ್ನೆ ಅಂತ ನಾನು ಹೇಳಲ್ಲ. ಉಪಗ್ರಹದ ಫೋಟೋ ಹಳೇದಿರುತ್ತೆ. ಇವತ್ತು ಬೆಳಗ್ಗೆ ಯಾವ ಹಡಗು ಹೊರಟಿತು ಅಂತ ದಂಡೆಯ ಮೇಲಿರುವವನಿಗೇ ಗೊತ್ತು. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ನಮ್ಮ ಜಿಲ್ಲೆಯವರನ್ನೂ ಬಂಧಿಸಿತಲ್ಲ, ನೌಕಾನೆಲೆಯ ಮಾಹಿತಿಯನ್ನು ಆ ಕಡೆಯವರಿಗೆ ದುಡ್ಡಿಗೆ ಕೊಟ್ಟ ಆರೋಪ ಅದು. ಗಮನಿಸಿ, ಅದರಲ್ಲಿ ಪೇಪರ್‌ನವರೂ ಇಲ್ಲ, ಟಿವಿಯವರೂ ಇಲ್ಲ. ಒಳಗೆ ಓಡಾಡೋರು, ಹೊರಗೆ ಪರಿಚಯ ಮಾಡಿಕೊಂಡೋರು, ಮಧ್ಯೆ ಹಣ. ಮಾಧ್ಯಮದ ಬಾಯಿಗೆ ಬೀಗ ಹಾಕಿದರೆ ಇದು ನಿಲ್ಲುತ್ತಾ?

ಇನ್ನೊಂದು ಮಾತು. ಈ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಮೀನು ಬಿಟ್ಟುಕೊಟ್ಟು ಎದ್ದುಹೋದ ಊರುಗಳ ಪರಿಹಾರದ ಕೇಸುಗಳು ವರ್ಷಗಟ್ಟಲೆ ಕೋರ್ಟಲ್ಲಿ ನಡೆದವು. ಅದರಲ್ಲಿ ಗುಟ್ಟೇನಿತ್ತು? ಏನೂ ಇಲ್ಲ. ಆದರೂ 'ರಕ್ಷಣೆ ವಿಷಯ' ಅಂದ ಕೂಡಲೇ ಹೊರಗಿನವರು ಕೇಳೋದು ನಿಲ್ಲಿಸುತ್ತಾರೆ. ಇದು ಚರ್ಚೆಗೆ ಸ್ವಲ್ಪ ಹೊರಗಿನದು, ಗೊತ್ತು. ಆದರೂ ಹೇಳಿದೆ.

ಸುಮಾ, ಧಾರವಾಡ ಕಡೆ

ನಮ್ಮ ಮನೆಯವರು ವಾಯುಪಡೆಯಲ್ಲಿ ಇದ್ದಾರೆ. ನೀವೆಲ್ಲ ದೊಡ್ಡ ದೊಡ್ಡ ವಿಷಯ ಹೇಳ್ತಿದ್ದೀರಿ, ನಾನು ಮನೆಯಲ್ಲಿ ಕೂತು ನೋಡಿದವಳು ಹೇಳ್ತೀನಿ.

ಲೈವ್ ಬೇಡ. ಅದರಲ್ಲಿ ಎರಡು ಮಾತಿಲ್ಲ. ಮೇ ತಿಂಗಳಲ್ಲಿ ಆ ನಾಲ್ಕು ದಿನ ನಮ್ಮತ್ತೆ ಟಿವಿ ಆರಿಸೋಕೆ ಬಿಡಲಿಲ್ಲ, ನನಗೆ ನೋಡೋಕೆ ಆಗಲಿಲ್ಲ. ಪ್ರತಿ ಸಲ ಸೈರನ್ ಸೌಂಡ್ ಹಾಕ್ತಿದ್ದರಲ್ಲ, ಅದು ನಿಜವಾದ ಸೈರನ್ ಅಲ್ಲ, ಎಫೆಕ್ಟ್ ಅಂತ ನನ್ನ ಮಗಳೇ ಕಂಡುಹಿಡಿದಳು.

ಆದರೆ ಸತ್ತವರ ಸತ್ಯ ಮನೆಯವರಿಗೆ ಬೇಕು. 2019ರ ಫೆಬ್ರವರಿ 27 ನೆನಪಿದೆಯಾ? ಎಲ್ಲರೂ ಪಾಕಿಸ್ತಾನದ ಕೈಗೆ ಸಿಕ್ಕ ಪೈಲಟ್ ಅಭಿನಂದನ್ ಅವರ ಬಗ್ಗೆ ಮಾತಾಡ್ತಿದ್ದ ದಿನ. ಅದೇ ಬೆಳಗ್ಗೆ ಶ್ರೀನಗರದ ಹತ್ತಿರ ಬಡ್ಗಾಮ್‌ನಲ್ಲಿ ನಮ್ಮ ಎಂಐ-17 ಹೆಲಿಕಾಪ್ಟರ್ ಬಿತ್ತು. ಒಳಗಿದ್ದ 6 ಜನ ವಾಯುಪಡೆಯವರು, ನೆಲದ ಮೇಲೆ ಒಬ್ಬರು ಊರಿನವರು ತೀರಿಕೊಂಡರು. ಹೊಡೆದದ್ದು ನಮ್ಮದೇ ಕ್ಷಿಪಣಿ. ಅದನ್ನು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ 'ನಮ್ಮಿಂದ ದೊಡ್ಡ ತಪ್ಪಾಯಿತು' ಅಂತ ಒಪ್ಪಿಕೊಂಡದ್ದು ಅಕ್ಟೋಬರ್ 4ಕ್ಕೆ. ಮಧ್ಯೆ ಏಳು ತಿಂಗಳು. ಮಧ್ಯೆ ಒಂದು ಲೋಕಸಭೆ ಚುನಾವಣೆ. ವಿಚಾರಣೆಗೆ ಸಮಯ ಬೇಕು, ನನಗೂ ಗೊತ್ತು. ಆದರೆ ಆ ಏಳು ತಿಂಗಳು ಆ ಹೆಂಗಸರು ಏನಂತ ತಿಳಿದುಕೊಂಡು ಇದ್ದಿರಬೇಕು? ಅವರಿಗೆ ಹೇಳಿದ್ದರೆ ಯಾವ ಶತ್ರುವಿಗೆ ಲಾಭ ಆಗ್ತಿತ್ತು?

ತುಮಕೂರು ತಟ್ಟೆಇಡ್ಲಿ

ಸುಮಾ ಅಕ್ಕಾ, ಥ್ಯಾಂಕ್ಸ್. ನಾನು ಹೇಳೋಕೆ ಒದ್ದಾಡುತ್ತಿದ್ದುದು ಇದೇ.

2022ರ ಮಾರ್ಚ್ 9ನ್ನೂ ಸೇರಿಸಿಕೊಳ್ಳಿ. ನಮ್ಮ ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಅನ್ನೋ ಊರಲ್ಲಿ ಬಿತ್ತು. ಅಣ್ವಸ್ತ್ರ ಇರೋ ಎರಡು ದೇಶಗಳ ನಡುವೆ! ಮೊದಲು ಬಾಯಿ ಬಿಟ್ಟದ್ದು ಅವರು, 10ಕ್ಕೆ. ನಾವು ಹೇಳಿದ್ದು 11ಕ್ಕೆ. ಆಗಸ್ಟ್‌ನಲ್ಲಿ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ನಮ್ಮದೇ ಕ್ಷಿಪಣಿ ಎಲ್ಲಿ ಬಿತ್ತು ಅಂತ ನಾವು ಪಾಕಿಸ್ತಾನ ಸೇನೆಯ ಪತ್ರಿಕಾಗೋಷ್ಠಿಯಿಂದ ತಿಳಿದುಕೊಂಡೆವು.

ಇನ್ನು ಮದ್ದುಗುಂಡಿನ ವಿಷಯ. 2017ರ ಜುಲೈನಲ್ಲಿ ಸರ್ಕಾರದ ಲೆಕ್ಕ ಪರಿಶೋಧಿಸೋ ಸಿಎಜಿಯ ವರದಿ ಸಂಸತ್ತಿನ ಮುಂದೆ ಬಂತು. ಸೇನೆಯ 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ, ಜೋರು ಯುದ್ಧ ನಡೆದರೆ 10 ದಿನಕ್ಕೂ ಸಾಲಲ್ಲ ಅಂತ ಅದರಲ್ಲಿತ್ತು. ಇರಬೇಕಾದದ್ದು 40 ದಿನಕ್ಕೆ. ಆಗ ಡೋಕ್ಲಾಮ್‌ನಲ್ಲಿ ಚೀನಾ ಎದುರುಬದುರು ನಿಂತಿತ್ತು. ಇಂಥ ಹೊತ್ತಲ್ಲಿ ಇದನ್ನು ಹೇಳೋದಾ ಅಂತ ಎಷ್ಟೋ ಜನ ಕೂಗಾಡಿದರು. ಅದಕ್ಕೂ ಮುಂಚೆ, 2012ರಲ್ಲಿ, ಆಗಿನ ಸೇನಾ ಮುಖ್ಯಸ್ಥ ವಿ.ಕೆ. ಸಿಂಗ್ ಪ್ರಧಾನಿಗೆ ಬರೆದ ಪತ್ರ ಸೋರಿತ್ತಲ್ಲ, ಅದರಲ್ಲೂ ಟ್ಯಾಂಕ್‌ಗಳ ಮದ್ದುಗುಂಡು ಇಲ್ಲ ಅನ್ನೋ ಗೋಳೇ. ಐದು ವರ್ಷದಲ್ಲಿ ಏನು ಸರಿಹೋಗಿತ್ತು? ಅಪ್ಪ ಸಾಲ ಮಾಡಿದ್ದು ಊರಿಗೆಲ್ಲ ಗೊತ್ತಿದ್ದು ಮನೆ ಮಕ್ಕಳಿಗೆ ಮಾತ್ರ ಗೊತ್ತಿಲ್ಲದ ಹಾಗೆ ಆಗಬಾರದು.

ಹಳೇ ಸಿಗ್ನಲ್, ಮಡಿಕೇರಿ

ತಂಗಿ ಸುಮಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮದೇ ಸರಿ.

ಆದರೆ ಇಡ್ಲಿಯವರ ಮದ್ದುಗುಂಡಿನ ಲೆಕ್ಕ ನಾನು ಒಪ್ಪಲ್ಲ. ಅದು ನಿನ್ನೆಯ ಸುದ್ದಿ ಅಲ್ಲ, ಇವತ್ತಿನದು. ಕೊರತೆ ಇದೆ ಅಂತ ಸಂಸದರ ಸಮಿತಿಗೆ ಬಾಗಿಲು ಹಾಕಿಕೊಂಡು ಹೇಳಲಿ, ಬೈಸಿಕೊಳ್ಳಲಿ, ಸರಿಮಾಡಲಿ. ಎಷ್ಟು ದಿನಕ್ಕೆ ಸಾಲುತ್ತೆ ಅಂತ ಪೇಪರಲ್ಲಿ ಯಾಕೆ? ಎದುರಾಳಿ 'ಹನ್ನೊಂದನೇ ದಿನಕ್ಕೆ ಕಾಯೋಣ' ಅಂದುಕೊಳ್ಳಲಿ ಅಂತಲಾ?

ನಿನ್ನೆಯ ಸುದ್ದಿ ಕೂಡ ಸುಲಭ ಇಲ್ಲ. 1999ರಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ಬೀಜಿಂಗ್‌ನಲ್ಲಿದ್ದಾಗ ರಾವಲ್ಪಿಂಡಿಯ ತಮ್ಮ ಜನರಲ್ ಜತೆ ಫೋನಲ್ಲಿ ಮಾತಾಡಿದ್ದನ್ನು ನಮ್ಮವರು ಹಿಡಿದರು. ಜೂನ್ 11ಕ್ಕೆ ಸರ್ಕಾರವೇ ಆ ಟೇಪನ್ನು ಬಿಡುಗಡೆ ಮಾಡಿತು. ಕಾರ್ಗಿಲ್‌ನಲ್ಲಿ ಕೂತಿರುವುದು ಮುಜಾಹಿದೀನ್ ಅಂತ ಪಾಕಿಸ್ತಾನ ಹೇಳುತ್ತಿದ್ದುದು ಸುಳ್ಳು ಅಂತ ಲೋಕಕ್ಕೆಲ್ಲ ಗೊತ್ತಾಯ್ತು. ದೊಡ್ಡ ಗೆಲುವೇ. ಆದರೆ ನನ್ನಂಥ ಸಿಗ್ನಲ್ಸ್‌ನವನಿಗೆ ಮೊದಲು ಹೊಳೆದಿದ್ದು ಒಂದೇ. ಆ ಲೈನಲ್ಲಿ ಅವರು ಇನ್ನು ಬಾಯಿ ಬಿಡಲ್ಲ.

1995ರಲ್ಲಿ ಪೋಖ್ರಾನ್‌ನ ಅಣುಪರೀಕ್ಷೆಯ ಸಿದ್ಧತೆ ಅಮೆರಿಕದ ಉಪಗ್ರಹಕ್ಕೆ ಸಿಕ್ಕಿತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಬಂತು, ಒತ್ತಡ ಬಿತ್ತು, ಪರೀಕ್ಷೆ ನಿಂತಿತು. 1998ರಲ್ಲಿ ನಮ್ಮ ಎಂಜಿನಿಯರ್ ರೆಜಿಮೆಂಟಿನ ಹುಡುಗರು ರಾತ್ರಿ ಹೊತ್ತು ಕೆಲಸ ಮಾಡಿದರು, ಬೆಳಗಾಗೋ ಮುಂಚೆ ಮರಳು, ಯಂತ್ರ ಎಲ್ಲ ಇದ್ದಲ್ಲೇ ಇಟ್ಟರು. ಕಲಾಂ ಅವರು ಮಿಲಿಟರಿ ಸಮವಸ್ತ್ರ ಹಾಕಿಕೊಂಡು ಬೇರೆ ಹೆಸರಲ್ಲಿ ಓಡಾಡಿದರು. ಮೇ 11ಕ್ಕೆ ಭೂಮಿ ನಡುಗೋವರೆಗೂ ಯಾರಿಗೂ ಸುಳಿವಿಲ್ಲ. ಅಣುಬಾಂಬ್ ಬೇಕಿತ್ತಾ ಬೇಡವಾಗಿತ್ತಾ ಅನ್ನೋದು ಬೇರೆ ಚರ್ಚೆ. ಗುಟ್ಟು ಕಾಯೋದು ಅಂದರೆ ಅದು.

ಕಾನೂನು ಕಲಿಯುತ್ತಿರುವವಳು

ಒಂದು ಕಾನೂನಿನ ಮಾತು. ನಮ್ಮ ಅಧಿಕೃತ ಗುಟ್ಟುಗಳ ಕಾಯ್ದೆ 1923ರದ್ದು, ಬ್ರಿಟಿಷರ ಕಾಲದ್ದು. ಗುಟ್ಟು ಅಂದರೆ ಏನು ಅಂತ ಅದರಲ್ಲಿ ಸರಿಯಾದ ವಿವರಣೆಯೇ ಇಲ್ಲ. ಮೇಲಿನ ಅಧಿಕಾರಿ ಫೈಲಿನ ಮೇಲೆ ಠಸ್ಸೆ ಒತ್ತಿದರೆ ಗುಟ್ಟು ಅನ್ನೋ ಹಾಗೆ ನಡೆದುಬಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಇದಕ್ಕೆ ಒಂದು ಕಿಟಕಿ ತೆರೆಯಿತು. ಮುಚ್ಚಿಡುವುದರಿಂದ ಆಗುವ ಲಾಭಕ್ಕಿಂತ ಹೇಳುವುದರಿಂದ ಜನರಿಗೆ ಆಗುವ ಒಳಿತು ದೊಡ್ಡದಾದರೆ ಕೊಡಬಹುದು ಅಂತ 8ನೇ ಸೆಕ್ಷನ್‌ನಲ್ಲೇ ಇದೆ.

ರಫೇಲ್ ಯುದ್ಧವಿಮಾನ ಖರೀದಿಯ ಕೇಸಿನಲ್ಲಿ ಇದು ಪರೀಕ್ಷೆಗೆ ಬಂತು. ಪತ್ರಿಕೆಯಲ್ಲಿ ಅಚ್ಚಾದ ರಕ್ಷಣಾ ಸಚಿವಾಲಯದ ಕಾಗದಗಳನ್ನು ನೋಡಲೇಬಾರದು, ಅವು ಕದ್ದವು ಅಂತ ಸರ್ಕಾರ ವಾದಿಸಿತು. 2019ರ ಏಪ್ರಿಲ್ 10ಕ್ಕೆ ಸುಪ್ರೀಂ ಕೋರ್ಟ್ ಆ ಆಕ್ಷೇಪ ತಳ್ಳಿಹಾಕಿತು. ಕೊನೆಗೆ ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿಗಳೂ ಬಿದ್ದುಹೋದವು, ಖರೀದಿಯಲ್ಲಿ ತನಿಖೆ ಬೇಕಿಲ್ಲ ಅಂತ ಆಯ್ತು. ಜನ ಕೊನೆಯದನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಪತ್ರಿಕೆಗಳಿಗೆ ಏಪ್ರಿಲ್‌ನ ತೀರ್ಪೇ ದೊಡ್ಡದು.

ಸಿಗ್ನಲ್ ಸರ್‌ಗೆ ಒಂದು ಪ್ರಶ್ನೆ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿ 1963ರಲ್ಲೇ ಕೈಸೇರಿತು. ಇವತ್ತಿಗೂ ಸರ್ಕಾರ ಹೊರಗೆ ಬಿಟ್ಟಿಲ್ಲ. 2014ರ ಮಾರ್ಚ್‌ನಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಅನ್ನೋ ವಿದೇಶಿ ಪತ್ರಕರ್ತರು ಅದರ ದೊಡ್ಡ ಭಾಗವನ್ನು ಇಂಟರ್ನೆಟ್‌ಗೆ ಹಾಕಿಬಿಟ್ಟರು. ಆಗ ವಿರೋಧ ಪಕ್ಷದಲ್ಲಿದ್ದ ಅರುಣ್ ಜೇಟ್ಲಿ ಇದನ್ನು ಯಾಕೆ ಮುಚ್ಚಿಟ್ಟಿದ್ದೀರಿ ಅಂತ ಕೇಳಿದರು. ಜುಲೈ ಹೊತ್ತಿಗೆ ಅವರೇ ರಕ್ಷಣಾ ಸಚಿವರು. ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ: ಬಿಡುಗಡೆ ಮಾಡೋಕೆ ಆಗಲ್ಲ. ಇದರಲ್ಲಿ ಯಾವ ನಾಳೆಯ ಯೋಜನೆ ಇದೆ ಸರ್?

ಹಳೇ ಸಿಗ್ನಲ್, ಮಡಿಕೇರಿ

ಇದಕ್ಕೆ ನಾನು ಸರ್ಕಾರದ ಪರ ನಿಲ್ಲಲ್ಲಮ್ಮ. ನಾನು ಜನರಲ್ ತಿಮ್ಮಯ್ಯನವರ ಊರಿನವನು. ರಕ್ಷಣಾ ಸಚಿವ ಕೃಷ್ಣ ಮೆನನ್ ಕೈಕೆಳಗೆ ಕೆಲಸ ಮಾಡೋಕೆ ಆಗಲ್ಲ ಅಂತ, ಆಗ ಸೇನಾ ಮುಖ್ಯಸ್ಥರಾಗಿದ್ದ ಅವರು 1959ರಲ್ಲೇ ರಾಜೀನಾಮೆ ಬರೆದುಕೊಟ್ಟಿದ್ದರು, ನೆಹರೂ ವಾಪಸ್ ತೆಗೆದುಕೊಳ್ಳಿ ಅಂದರು. ಆಗ ಜನ ಸರಿಯಾಗಿ ಕಿವಿಗೊಟ್ಟಿದ್ದರೆ ಏನಾಗುತ್ತಿತ್ತೋ. 2021ರಲ್ಲಿ ರಕ್ಷಣಾ ಸಚಿವಾಲಯವೇ ಹೊಸ ನೀತಿ ತಂದಿದೆಯಲ್ಲ, ಸಾಮಾನ್ಯವಾಗಿ 25 ವರ್ಷಕ್ಕೆ ದಾಖಲೆ ತೆರೆಯಬೇಕು ಅಂತ. 1962ಕ್ಕೆ 25 ಎರಡು ಸಲ ಮುಗಿದು ಮೂರನೇದು ನಡೀತಿದೆ. ಆ ವರದಿಯಲ್ಲಿ ಕಾಯುತ್ತಿರುವುದು ದೇಶವನ್ನಲ್ಲ, ಮುಖಗಳನ್ನು.

ಮದ್ದುಗುಂಡಿನ ವಿಷಯದಲ್ಲಿ ಮಾತ್ರ ನಾನು ಹಿಂದೆ ಸರಿಯಲ್ಲ.

ಮೈಸೂರು ಮೇಷ್ಟ್ರು

ಸಮಿತಿಗೆ ಬಾಗಿಲು ಹಾಕಿಕೊಂಡು ಹೇಳಿದರೆ ಸರಿಮಾಡುತ್ತಾರೆ ಅನ್ನೋ ನಂಬಿಕೆ ನಿಮಗೆ ಇದೆ. 2012ರ ಪತ್ರ ಗುಟ್ಟಾಗೇ ಬರೆದದ್ದು, ಆದರೂ ಏನೂ ಆಗಲಿಲ್ಲ. 2017ರ ವರದಿ ಪೇಪರಲ್ಲಿ ಬಂದು ರಂಪ ಆಯ್ತು, ಆ ಬೇಸಿಗೆ, ಮಳೆಗಾಲದಲ್ಲೇ ತುರ್ತು ಖರೀದಿಯ ಅಧಿಕಾರವನ್ನು ಸೇನೆಯ ಉಪಮುಖ್ಯಸ್ಥರಿಗೆ ಕೊಟ್ಟ ಸುದ್ದಿಯೂ ಬಂತು. ಒಂದರಿಂದಲೇ ಇನ್ನೊಂದಾಯ್ತು ಅಂತ ಹೇಳಲ್ಲ. ಆದರೆ ನಾಚಿಕೆ ಆಗದೆ ಕೆಲಸ ಆಗಲ್ಲ ಅನ್ನೋದು ನಮ್ಮ ತಾಲೂಕು ಆಫೀಸಲ್ಲೂ ನಿಜ, ದೆಹಲಿಯಲ್ಲೂ ನಿಜ.

ಡೆಸ್ಕ್‌ನಲ್ಲಿದ್ದವನು

ನನ್ನ ಕಡೆಯಿಂದ ಒಂದೇ ಬೇಡಿಕೆ. ಸೇನೆಯವರು ದಿನಕ್ಕೆ ಎರಡು ಸಲ ಟೈಮಿಗೆ ಸರಿಯಾಗಿ ಬಂದು ಮಾತಾಡಲಿ. ಹೇಳೋಕಾಗದಿದ್ದರೆ 'ಇದನ್ನು ಈಗ ಹೇಳಲ್ಲ' ಅಂತಲೇ ಹೇಳಲಿ. ಮೇ 7ರ ಬೆಳಗ್ಗೆ ವಿದೇಶಾಂಗ ಕಾರ್ಯದರ್ಶಿ ಜತೆ ಕರ್ನಲ್ ಸೋಫಿಯಾ ಖುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಕೂತು ಅಚ್ಚುಕಟ್ಟಾಗಿ ಹೇಳಿದರಲ್ಲ, ಆ ಒಂದು ಗಂಟೆ ನಮ್ಮ ಡೆಸ್ಕ್ ಥರದ ಡೆಸ್ಕ್‌ಗಳಲ್ಲೂ ಸುಳ್ಳು ಕಮ್ಮಿ ಇತ್ತು. ರಾತ್ರಿ ಹನ್ನೆರಡಕ್ಕೆ ಯಾರೂ ಮಾತಾಡೋರು ಇಲ್ಲದೆ ಇರೋವಾಗಲೇ ವಾಟ್ಸಾಪ್ ಮಾತಾಡೋದು.

ಸುಮಾ, ಧಾರವಾಡ ಕಡೆ

ಸಿಗ್ನಲ್ ಅಣ್ಣಾವ್ರೇ, ನಿಮ್ಮನ್ನೇ ಒಂದು ಕೇಳಬೇಕು. ಮುಂದಿನ ತಿಂಗಳು ಊರ ಜಾತ್ರೆಗೆ ನಮ್ಮ ಮನೆಯವರು ರಜೆ ಮೇಲೆ ಬರ್ತಾರೆ. ಗೆಳೆಯರ ಬಳಗದವರು ದೊಡ್ಡ ಫ್ಲೆಕ್ಸ್ ಹಾಕಿಸ್ತೀವಿ ಅಂತ ಕೂತಿದ್ದಾರೆ. ಹೆಸರು, ರ‍್ಯಾಂಕು, ಸ್ಕ್ವಾಡ್ರನ್ ನಂಬರು, ಯಾವ ಏರ್‌ಬೇಸಲ್ಲಿ ಇದ್ದಾರೆ, ಎಲ್ಲ. ಪ್ರೀತಿಯಿಂದ ಮಾಡೋದು, ಬೇಡ ಅಂದರೆ ಬೇಜಾರು. ಹಾಕಬಹುದಾ?

ಹಳೇ ಸಿಗ್ನಲ್, ಮಡಿಕೇರಿ

ಹೆಸರು, ಊರು, ಸಮವಸ್ತ್ರದಲ್ಲಿ ಇಲ್ಲದ ಫೋಟೋ ಹಾಕಲಿ. ಸ್ಕ್ವಾಡ್ರನ್ ನಂಬರೂ ಬೇಡ, ಬೇಸ್ ಹೆಸರೂ ಬೇಡ, ರಜೆ ಯಾವತ್ತು ಮುಗಿಯುತ್ತೆ ಅಂತ ಫೇಸ್‌ಬುಕ್‌ನಲ್ಲಿ ಬರೆಯೋದೂ ಬೇಡ. ನಿಮ್ಮ ಮನೆಯವರನ್ನೇ ಕೇಳಿ, ಅವರ ಕಡೆಯಿಂದಲೇ ಬಳಗದವರಿಗೆ ಹೇಳಿಸಿ. ಸೇನೆಯವನು ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ರಾಗಿರೊಟ್ಟಿ ಫ್ಯಾನ್

ನಂಬರ್ ತೆಗೆಸಬಹುದು ಅಕ್ಕಾ. ಫ್ಲೆಕ್ಸ್ ಅಂಗಡಿಯವನು ಹಿಂದೆ ರಫೇಲ್ ಹಾರಿಸೋದನ್ನ ಮಾತ್ರ ಯಾರಿಂದಲೂ ತಡೆಯೋಕೆ ಆಗಲ್ಲ.